ಚಿತ್ರ ಒಂದು, ಒಡೆಯರು ಹಲವರು

ತುತ್ತೂರಿಯ ಎದುರು ಕಿವಿಗೊಟ್ಟು ಕುಳಿತ ನಾಯಿಯ ಚಿತ್ರವನ್ನು ಕಾಣದ ವರ್ತಕರು ವಿರಳ. ಅಕ್ಷರ ಬಾರದ ಗ್ರಾಹಕನೂ ಅಂಗಡಿಯಲ್ಲಿ ಬೆರಳು ತೋರಿಸಿ ಕೇಳಬಹುದಾದಂತಹ ವ್ಯಾಪಾರ ಮುದ್ರೆ ಅದು. ಆದರೆ ಅದರ ಒಡೆಯರಾರೆಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಅಮೆರಿಕದಲ್ಲಿ ಒಬ್ಬರಾದರೆ ಇಂಗ್ಲೆಂಡಿನಲ್ಲಿ ಮತ್ತೊಬ್ಬರು, ಜಪಾನಿನಲ್ಲಿ ಮಗದೊಬ್ಬರು. ಗ್ರಾಮಫೋನ್ ಉದ್ಯಮದ ಆರಂಭದ ದಶಕಗಳನ್ನು ಸಂಗೀತದ ಇತಿಹಾಸವಾಗಿ ಓದುವುದು ವಾಡಿಕೆ. ಅನ್ವೇಷಕ, ತಯಾರಕ ಮತ್ತು ವಿತರಕರ ನಡುವಿನ ಕರಾರುಪತ್ರಗಳ ಇತಿಹಾಸವಾಗಿ ಅದನ್ನು ಓದಿದಲ್ಲಿ ಸಣ್ಣ ಉದ್ದಿಮೆದಾರರಿಗೆ ಪ್ರಯೋಜನ ಹೆಚ್ಚು.

ಜರ್ಮನಿಯಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋದ ಎಮಿಲ್ ಬರ್ಲಿನರ್ 1887ರಲ್ಲಿ ಗ್ರಾಮಫೋನಿಗೆ ಪೇಟೆಂಟ್ ಪಡೆದರು. 1895ರಲ್ಲಿ ಫಿಲಡೆಲ್ಫಿಯಾದಲ್ಲಿ ಅವರ ಕಂಪನಿ ಸ್ಥಾಪನೆಯಾಯಿತು. ಯಂತ್ರಗಳನ್ನು ತಯಾರಿಸುತ್ತಿದ್ದವರು ಕ್ಯಾಮ್‌ಡೆನ್ ಪಟ್ಟಣದಲ್ಲಿ ಸಣ್ಣ ಕಾರ್ಯಾಗಾರ ನಡೆಸುತ್ತಿದ್ದ ಎಲ್ಡ್ರಿಜ್ ಜಾನ್ಸನ್. ಮಾರಾಟದ ಹೊಣೆ ನ್ಯೂಯಾರ್ಕಿನ ಫ್ರಾಂಕ್ ಸೀಮನ್ ಅವರದು. 1896ರ ಒಪ್ಪಂದದ ಮೇರೆಗೆ ಅಮೆರಿಕದಲ್ಲಿ ಗ್ರಾಮಫೋನ್ ಮಾರುವ ಏಕಮಾತ್ರ ಹಕ್ಕು ಸೀಮನ್ ಅವರಿಗೆ ದತ್ತವಾಯಿತು. ಜಾಹೀರಾತಿನಲ್ಲಿ ಅವರು ನಿಪುಣರಾಗಿದ್ದುದರಿಂದ ವ್ಯಾಪಾರ ಬೆಳೆಯಿತು. ಬೆಳೆದ ಮೇಲೆ ಜಾನ್ಸನ್ ಒದಗಿಸುವ ಯಂತ್ರಗಳ ಬೆಲೆ ದುಬಾರಿಯೆಂಬ ತಕರಾರು ತಲೆಯೆತ್ತಿತು. ಬೇರೆ ಕಾರ್ಖಾನೆಯಿಂದ ಮಾಲು ತರಿಸಲು ಬರ್ಲಿನರ್ ಒಪ್ಪಲಿಲ್ಲ. ಸೀಮನ್ ಜೋನೋಫೋನ್ ಎಂಬ ಹೆಸರಿನಲ್ಲಿ ಪ್ರತಿಸ್ಪರ್ಧಿ ಯಂತ್ರವನ್ನೇ ಪೇಟೆಗೆ ತಂದರು.

ಮುಂದೆ ನಡೆದುದು ವಿತರಕರನ್ನು ನಂಬಿದ ಯಾವ ತಯಾರಕನಾದರೂ ಎರಡು ಬಾರಿ ಓದಬೇಕಾದಂಥದು. 1900ರಲ್ಲಿ ಸೀಮನ್ ಎದುರಾಳಿ ಕೊಲಂಬಿಯಾ ಪಕ್ಷದವರೊಡನೆ ನ್ಯಾಯಾಲಯದಲ್ಲಿ ರಾಜಿ ಮಾಡಿಕೊಂಡು, ಗ್ರಾಮಫೋನ್ ಅವರ ಪೇಟೆಂಟನ್ನು ಉಲ್ಲಂಘಿಸುತ್ತದೆಂದು ಒಪ್ಪಿಕೊಂಡರು. ಅದೇ ವರ್ಷ ಏಕಮಾತ್ರ ಹಕ್ಕಿನ ಕರಾರನ್ನು ಮುಂದಿಟ್ಟು ಬರ್ಲಿನರ್ ವಿರುದ್ಧ ತಡೆಯಾಜ್ಞೆಯನ್ನೂ ಪಡೆದರು. ಹೀಗೆ ಯಂತ್ರವನ್ನು ಕಂಡುಹಿಡಿದವನೇ ತನ್ನ ಯಂತ್ರವನ್ನು ಅಮೆರಿಕದಲ್ಲಿ ಮಾರುವಂತಿಲ್ಲದಾಯಿತು. ಬರ್ಲಿನರ್ ಕೆನಡಾದ ಮಾಂಟ್ರಿಯಲ್‌ನಲ್ಲಿ ವ್ಯವಹಾರ ಮುಂದುವರಿಸಿದರು. ಕಾರ್ಖಾನೆಯ ತುಂಬ ಮಾಲು, ಕೊಳ್ಳುವವರಿಲ್ಲ ಎಂಬ ಸ್ಥಿತಿಯಲ್ಲಿ ಉಳಿದವರು ಜಾನ್ಸನ್. ಅವರು ಸ್ವತಃ ಮಾರಾಟಕ್ಕಿಳಿದು, ಮೊಕದ್ದಮೆಗಳನ್ನು ಎದುರಿಸಿ, 1901ರಲ್ಲಿ ವಿಕ್ಟರ್ ಟಾಕಿಂಗ್ ಮೆಷಿನ್ ಕಂಪನಿಯನ್ನು ಸ್ಥಾಪಿಸಿದರು. ಈ ಜಗಳದ ನಡುವೆ ಗ್ರಾಮಫೋನ್ ಎಂಬ ಪದವೇ ಅಮೆರಿಕದ ಪೇಟೆಯಿಂದ ಮರೆಯಾಯಿತು. ಇಂದಿಗೂ ಅಲ್ಲಿ ಬಳಕೆಯಲ್ಲಿರುವುದು ಎಡಿಸನ್ ಕೊಟ್ಟ ಫೋನೋಗ್ರಾಫ್ ಎಂಬ ಹೆಸರು.

ನಾಯಿಯ ಚಿತ್ರ ಬಂದುದು ಇದೇ ಕಾಲದಲ್ಲಿ, ಲಂಡನ್ನಿನಲ್ಲಿ. ಫ್ರಾನ್ಸಿಸ್ ಬರೋ ಎಂಬ ಚಿತ್ರಕಾರ ನಿಪ್ಪರ್ ಎಂಬ ನಾಯಿಯನ್ನು ಚಿತ್ರಿಸಿದಾಗ ಅದರ ಮುಂದಿದ್ದುದು ಎಡಿಸನ್ ಮಾದರಿಯ, ಸಿಲಿಂಡರ್ ತಿರುಗುವ ಯಂತ್ರ. ಆ ಪಕ್ಷದವರು ಚಿತ್ರವನ್ನು ಕೊಳ್ಳಲಿಲ್ಲ. 1899ರಲ್ಲಿ ಹಿತ್ತಾಳೆಯ ತುತ್ತೂರಿಯೊಂದನ್ನು ಮಾದರಿಗಾಗಿ ಎರವಲು ಕೇಳಲು ಬರೋ ಗ್ರಾಮಫೋನ್ ಕಂಪನಿಗೆ ಹೋದರು. ಹಳೆಯ ಯಂತ್ರವನ್ನು ಅಳಿಸಿ ತಮ್ಮ ಯಂತ್ರವನ್ನು ಬರೆದುಕೊಟ್ಟರೆ ಚಿತ್ರವನ್ನು ಕೊಳ್ಳುವುದಾಗಿ ಅಲ್ಲಿನ ವ್ಯವಸ್ಥಾಪಕ ವಿಲಿಯಂ ಬ್ಯಾರಿ ಓವನ್ ಹೇಳಿದರು. ಕ್ರಯ ನೂರು ಪೌಂಡು. ಅದರಲ್ಲಿ ಐವತ್ತು ಚಿತ್ರಕ್ಕೆ, ಉಳಿದ ಐವತ್ತು ಕೃತಿಸ್ವಾಮ್ಯಕ್ಕೆ. ಚಿತ್ರ ಬೇರೆ, ಅದರ ಹಕ್ಕು ಬೇರೆ ಎಂಬುದನ್ನು ಓವನ್ ಅರಿತಿದ್ದರು. ಇಂದು ಪೊಟ್ಟಣದ ವಿನ್ಯಾಸವನ್ನು ಕಲಾವಿದನಿಂದ ಬರೆಯಿಸಿ, ಹಕ್ಕಿನ ಬಗ್ಗೆ ಒಂದು ಸಾಲನ್ನೂ ಬರೆಯಿಸಿಕೊಳ್ಳದ ತಯಾರಕರು ಈ ವಿಭಜನೆಯನ್ನು ಗಮನಿಸಬೇಕು.

ಇದೇ ಓವನ್ ಇನ್ನೊಂದು ವಿಷಯದಲ್ಲಿ ಎಡವಿದರೆಂಬುದೂ ನಿಜ. ಗ್ರಾಮಫೋನಿನ ಗೀಳು ಹೆಚ್ಚು ಕಾಲ ಉಳಿಯದೆಂಬ ಶಂಕೆಯಿಂದ ಅವರು ಬೆರಳಚ್ಚು ಯಂತ್ರದ ವ್ಯಾಪಾರಕ್ಕೂ ಕೈಹಾಕಿ, 1900ರ ಕೊನೆಯಲ್ಲಿ ಸಂಸ್ಥೆಯ ಹೆಸರನ್ನು ಗ್ರಾಮಫೋನ್ ಅಂಡ್ ಟೈಪ್‌ರೈಟರ್ ಎಂದು ಬದಲಿಸಿದರು. ಬೆರಳಚ್ಚು ಯಂತ್ರ ಮಾರಾಟವಾಗಲಿಲ್ಲ. 1907ರಲ್ಲಿ ಹೆಸರಿನ ಆ ಬಾಲವನ್ನು ಕತ್ತರಿಸಲಾಯಿತು. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡುದು ಈ ಹೆಸರಿನ ಸಂಸ್ಥೆಗಾಗಿಯೇ. ಮುಂದೆ ಮೈಸೂರು ಅರಮನೆಯ ಆಶ್ರಯ ಪಡೆದು 1930ರಲ್ಲಿ ಮೈಸೂರಿನಲ್ಲೇ ಕೊನೆಯುಸಿರೆಳೆದ ಈ ಗಾಯಕಿ ಪ್ರತಿ ಮುದ್ರಿಕೆಯ ಅಂತ್ಯದಲ್ಲಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಘೋಷಿಸುತ್ತಿದ್ದರು. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಯಾವ ತಟ್ಟೆ ಯಾರದೆಂಬುದು ಅಲ್ಲಿನ ಕೆಲಸಗಾರರಿಗೆ ತಿಳಿಯಬೇಕಿತ್ತು.

ಆ ಕಾಲದ ತಟ್ಟೆಗಳ ಮೇಲಿದ್ದುದು ನಾಯಿಯಲ್ಲ, ಲೇಖನಿ ಹಿಡಿದು ಕುಳಿತ ದೇವದೂತ. ನಾಯಿಗೆ ತಟ್ಟೆಯ ಮೇಲೆ ಸ್ಥಾನ ದೊರೆತುದು 1909ರಲ್ಲಿ. ಮರುವರ್ಷವೇ ಅದರ ಮಹತ್ವ ಹೆಚ್ಚಿಸುವ ತೀರ್ಪೊಂದು ಹೊರಬಿತ್ತು. ಗ್ರಾಮಫೋನ್ ಎಂಬ ಪದವನ್ನು ತನ್ನದೇ ಮುದ್ರೆಯಾಗಿ ನೋಂದಾಯಿಸಬೇಕೆಂದು ಕಂಪನಿ ಕೋರಿದಾಗ, 1910ರಲ್ಲಿ ಇಂಗ್ಲೆಂಡಿನ ನ್ಯಾಯಮೂರ್ತಿ ಪಾರ್ಕರ್ ಅದನ್ನು ನಿರಾಕರಿಸಿದರು. ಜನರೂ ವರ್ತಕರೂ ತಟ್ಟೆ ತಿರುಗುವ ಎಲ್ಲ ಯಂತ್ರಗಳನ್ನೂ ಗ್ರಾಮಫೋನ್ ಎನ್ನುತ್ತಿದ್ದರು. ಪದ ವಸ್ತುವಿನ ಹೆಸರಾಗಿತ್ತು, ತಯಾರಕನ ಹೆಸರಾಗಿ ಉಳಿದಿರಲಿಲ್ಲ. ತಮ್ಮ ಸರಕಿನ ಹೆಸರೇ ಮನೆಮಾತಾಯಿತೆಂದು ಬೀಗುವ ಉದ್ಯಮಿಗಳಿಗೆ ಇದು ಕಹಿ ಸುದ್ದಿ. ಹೆಸರು ಎಲ್ಲರ ಬಾಯಲ್ಲಿ ನಲಿಯುವುದಕ್ಕೂ ಎಲ್ಲರ ಸ್ವತ್ತಾಗುವುದಕ್ಕೂ ನಡುವಿನ ಅಂತರ ಅತ್ಯಲ್ಪ. ಕಂಪನಿಗೆ ಉಳಿದ ಆಸರೆಯೆಂದರೆ ನಾಯಿ ಮತ್ತು ಹಿಸ್ ಮಾಸ್ಟರ್ಸ್ ವಾಯ್ಸ್ ಎಂಬ ನುಡಿ.

ಆದರೆ ಆ ನಾಯಿಯೂ ಆ ವೇಳೆಗೆ ಪಾಲಾಗಿತ್ತು. ಅಮೆರಿಕದಲ್ಲಿ ಬರ್ಲಿನರ್ 1900ರಲ್ಲಿ ನೋಂದಾಯಿಸಿದ್ದ ಮುದ್ರೆ ಜಾನ್ಸನ್ ಅವರ ವಿಕ್ಟರ್ ಕಂಪನಿಗೆ ಹೋಯಿತು, 1929ರಲ್ಲಿ ಆರ್.ಸಿ.ಎ. ಸಂಸ್ಥೆ ವಿಕ್ಟರನ್ನು ಕೊಂಡಾಗ ನಾಯಿಯೂ ಜೊತೆಯಲ್ಲಿ ಹೋಯಿತು. 1927ರಲ್ಲಿ ಆರಂಭವಾದ ವಿಕ್ಟರ್‌ನ ಜಪಾನ್ ಅಂಗಸಂಸ್ಥೆ ಮುಂದೆ ಸ್ವತಂತ್ರವಾಯಿತು. ನಾಯಿ ಜಪಾನಿನಲ್ಲಿ ಅದರದೇ. ಹೊರದೇಶಗಳಲ್ಲಿ ಮಾತ್ರ ಅದು ಜೆ.ವಿ.ಸಿ. ಎಂಬ ಅಕ್ಷರಗಳನ್ನು ಆಶ್ರಯಿಸಬೇಕಾಯಿತು. ಮೊದಲ ಮಹಾಯುದ್ಧದಲ್ಲಿ ಹ್ಯಾನೋವರಿನ ಕಾರ್ಖಾನೆ ಶತ್ರು ಸ್ವತ್ತೆಂದು ಜಪ್ತಿಯಾಗಿ 1917ರಲ್ಲಿ ಮಾರಾಟವಾದುದರಿಂದ ಜರ್ಮನಿಯ ನಾಯಿ ಡಾಯ್ಚೆ ಗ್ರಾಮೋಫೋನ್ ಪಾಲಿಗೆ ಬಂತು. ಆ ಸಂಸ್ಥೆ ಗಡಿ ದಾಟಿ ಮಾರಲು ಪಾಲಿಡಾರ್ ಎಂಬ ಬೇರೆ ಹೆಸರನ್ನು ಹುಡುಕಿಕೊಳ್ಳಬೇಕಾಯಿತು.

1931ರಲ್ಲಿ ಗ್ರಾಮಫೋನ್ ಕಂಪನಿ ಮತ್ತು ಬ್ರಿಟಿಷ್ ಕೊಲಂಬಿಯಾ ಸೇರಿ ಇ.ಎಂ.ಐ. ಆದವು. ಈ ಬಲಾಢ್ಯ ಸಂಸ್ಥೆ 1953ರಲ್ಲಿ ಅಮೆರಿಕದ ಪೇಟೆಗೆ ಕಾಲಿಡುವಾಗ ತನ್ನ ಜಗತ್ಪ್ರಸಿದ್ಧ ನಾಯಿಯನ್ನು ಮನೆಯಲ್ಲೇ ಬಿಟ್ಟು ಹೋಗಬೇಕಾಯಿತು. ಆಗ ನೆರವಿಗೆ ಬಂದುದು ಹಿಂದೆ ಮೂಲೆಗುಂಪಾದ ದೇವದೂತ. ಏಂಜೆಲ್ ಎಂಬ ಹೆಸರಿನಲ್ಲಿ ಅದು ಮರುಹುಟ್ಟು ಪಡೆಯಿತು. ಕೊಲಂಬಿಯಾ ಹೆಸರಿನದೂ ಇದೇ ಪಾಡು. 1938ರಲ್ಲಿ ಅಮೆರಿಕದ ಕೊಲಂಬಿಯಾವನ್ನು ಕೊಂಡ ಸಿ.ಬಿ.ಎಸ್. ಸಂಸ್ಥೆ ಯುರೋಪಿನಲ್ಲಿ ಆ ಹೆಸರು ಇ.ಎಂ.ಐ. ವಶದಲ್ಲಿದ್ದುದರಿಂದ ತನ್ನ ಮೂರಕ್ಷರದಿಂದಲೇ ತಟ್ಟೆಗಳನ್ನು ಮಾರಿತು. ಭಾರತದ ಗ್ರಾಮಫೋನ್ ಕಂಪನಿಯಂತೂ 2000ದಲ್ಲಿ ಸಾರೆಗಾಮ ಎಂದು ಸ್ವಂತ ಹೆಸರನ್ನೇ ಇಟ್ಟುಕೊಂಡಿತು. ನಿರ್ಧಾರ ಸರಿಯೇ. ಆದರೂ ಸಪ್ತಸ್ವರಗಳು ಎಲ್ಲರ ಸ್ವತ್ತು. ಅವೇ ಸ್ವರಗಳ ಹೆಸರಿನ ಕಿರುತೆರೆ ಸಂಗೀತ ಸ್ಪರ್ಧೆ 1995ರಿಂದಲೇ ನಡೆದಿತ್ತು.

ಕರ್ನಾಟಕದ ಅಗರಬತ್ತಿ, ಕಾಫಿಪುಡಿ, ಪಂಪ್‌ಸೆಟ್ ತಯಾರಕರು ಮುದ್ರೆಯ ನೋಂದಣಿಯನ್ನು ಸರಕು ಕುದುರಿದ ಮೇಲೆ ನೋಡಿಕೊಂಡರಾಯಿತೆಂದು ಭಾವಿಸುವುದುಂಟು. ಹೊರರಾಜ್ಯ, ಹೊರದೇಶಗಳ ಪೇಟೆಯನ್ನು ಬೆಳೆಸಿದ ವಿತರಕನೇ ಅಲ್ಲಿ ಮುದ್ರೆಯನ್ನು ತನ್ನ ಹೆಸರಿಗೆ ಬರೆಯಿಸಿಕೊಳ್ಳಲೆಂದು ಸುಮ್ಮನಿರುವವರೂ ಇದ್ದಾರೆ. ಈ ಔದಾರ್ಯ ತರವಲ್ಲ. ಭಾರತದ ನೋಂದಣಿ ಭಾರತದೊಳಗೆ ಮಾತ್ರ ಸಿಂಧು. 2013ರಲ್ಲಿ ಭಾರತ ಮ್ಯಾಡ್ರಿಡ್ ಒಪ್ಪಂದವನ್ನು ಸೇರಿದ ಮೇಲೆ ಒಂದೇ ಅರ್ಜಿಯ ಮೂಲಕ ಹಲವು ದೇಶಗಳಲ್ಲಿ ರಕ್ಷಣೆ ಕೋರುವ ಅವಕಾಶ ತೆರೆದಿದೆ. ಸ್ವದೇಶದ ಅರ್ಜಿಗೆ, ಕರ್ನಾಟಕದವರಿಗೆ ಸಂಬಂಧಿಸಿದ ಕಚೇರಿ ಚೆನ್ನೈಯದು. 2017ರ ನಿಯಮಗಳಂತೆ ಅಂತರ್ಜಾಲದ ಮೂಲಕ ಸಲ್ಲಿಸುವ ಸಣ್ಣ ಉದ್ದಿಮೆಗೆ ಶುಲ್ಕ ಪ್ರತಿ ವರ್ಗಕ್ಕೆ 4,500 ರೂಪಾಯಿ, ಇತರರಿಗೆ 9,000. ನೋಂದಣಿಯ ಅವಧಿ ಹತ್ತು ವರ್ಷ, ಬಳಿಕ ನವೀಕರಿಸಬಹುದು.

ಶುಲ್ಕಕ್ಕಿಂತ ಮುಖ್ಯವಾದುದು ವಿತರಕನೊಡನೆ ಮಾಡಿಕೊಳ್ಳುವ ಕರಾರು. ಮುದ್ರೆಯ ಒಡೆತನ ಎಲ್ಲ ದೇಶಗಳಲ್ಲೂ ತಯಾರಕನದೇ ಎಂಬ ಮಾತು, ಏಕಮಾತ್ರ ಹಕ್ಕು ಎಷ್ಟು ವರ್ಷಕ್ಕೆ, ಎಷ್ಟು ಪ್ರದೇಶಕ್ಕೆ ಎಂಬ ಮಿತಿ, ವಿತರಕ ಪ್ರತಿಸ್ಪರ್ಧಿ ಸರಕು ಮಾರಿದ ದಿನವೇ ಆ ಹಕ್ಕು ರದ್ದಾಗುವ ಷರತ್ತು, ಇಷ್ಟಾದರೂ ಅದರಲ್ಲಿ ಇರಬೇಕು. ಕರಾರಿಗೆ ರುಜು ಬೀಳುವುದು ಮೊದಲ ಲಾರಿ ಗೋದಾಮಿನಿಂದ ಹೊರಡುವ ಮುನ್ನ.