ದಮ್ಮಾಮಿನಲ್ಲಿ ಸಿಮ್ ಲಾಕ್, ಶ್ರೀನಿವಾಸಪುರದಲ್ಲಿ ಮನೆ ಲಾಕ್

ಕಳೆದ ತಿಂಗಳು ಶ್ರೀನಿವಾಸಪುರದ ತಾಯಿಯೊಬ್ಬರು ಮಗನನ್ನು ಕರೆದುಕೊಂಡು ನಮ್ಮ ಮದ್ರಸಕ್ಕೆ ಬಂದರು. ಹುಡುಗನ ಪಾಠದ ವಿಷಯ ಇರಬೇಕು ಅಂದುಕೊಂಡೆವು. ಅಲ್ಲ, ಅವರ ಕೈಯಲ್ಲಿ ಇದ್ದದ್ದು ಬ್ಯಾಂಕ್ ಪಾಸ್‌ಬುಕ್. ಗಂಡ ಸೌದಿಯ ದಮ್ಮಾಮಿನಲ್ಲಿ ಟ್ರೈಲರ್ ಚಾಲಕ. ಖಾತೆಯಲ್ಲಿ ದುಡ್ಡಿದೆ, ಮಗಳ ಕಾಲೇಜು ಫೀಸಿಗೆ ಮಾತ್ರ ಕಟ್ಟಲಾಗುತ್ತಿಲ್ಲ. "ಅವರ ಇಂಡಿಯಾ ಸಿಮ್ ಲಾಕ್ ಆಗಿದೆಯಂತೆ ಉಸ್ತಾದ್, ಒಟಿಪಿ ಬರ್ತಾ ಇಲ್ಲ" ಅಂದರು.

ಆದದ್ದು ಇಷ್ಟೇ. ಫೋನಿನ ಬ್ಯಾಟರಿ ಪೂರ್ತಿ ಮುಗಿದು ಆಫ್ ಆಗಿತ್ತು. ಮತ್ತೆ ಆನ್ ಮಾಡಿದಾಗ ಸಿಮ್ ಪಿನ್ ಕೇಳಿತು. ಯಾವತ್ತೋ ಹಾಕಿದ ಪಿನ್, ನೆನಪಿಲ್ಲ. ಮೂರು ಸಲ ತಪ್ಪು ಹೊಡೆದರು. ಆಮೇಲೆ ಪಿಯುಕೆ ಕೇಳಿತು. ಅದೇನು ಅಂತ ಗೊತ್ತಿಲ್ಲದೆ ಅಂದಾಜಿನ ಮೇಲೆ ನಂಬರ್ ಹಾಕುತ್ತಾ ಹೋದರು. ಹತ್ತನೇ ಸಲಕ್ಕೆ ಕಾರ್ಡು ಸತ್ತೇ ಹೋಯಿತು.

ನಾವು ಇರುವ ಈ ಕೋಲಾರ, ಮಾಲೂರು, ಮುಳಬಾಗಿಲು ಕಡೆ ಕರಾವಳಿಯಿಂದ ಬಂದು ನೆಲೆಸಿದ ಬ್ಯಾರಿ ಮನೆಗಳು ಕಡಿಮೆ. ಇಲ್ಲಿಯ ಮುಸ್ಲಿಮರಲ್ಲಿ ಹೆಚ್ಚಿನವರ ಮನೆಮಾತು ದಖ್ಖನಿ ಉರ್ದು. ಆದರೆ ಗಲ್ಫಿಗೆ ಹೋದವನ ಕಷ್ಟಕ್ಕೆ ಭಾಷೆ ಇಲ್ಲ. ಉಳ್ಳಾಲದ ಉಮ್ಮನಿಗೆ ಆಗುವುದೇ ಶ್ರೀನಿವಾಸಪುರದ ಅಮ್ಮಿಗೂ ಆಗುತ್ತದೆ. ಆದ್ದರಿಂದ ಇದನ್ನು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಜನ ಎಲ್ಲದಕ್ಕೂ 'ಸಿಮ್ ಲಾಕ್ ಆಯ್ತು' ಅಂತಾರೆ. ಅದರಲ್ಲಿ ಬೇರೆ ಬೇರೆ ಕಾಯಿಲೆಗಳಿವೆ, ಮದ್ದೂ ಬೇರೆ. ಪಿನ್ ಎಂಬುದು ಫೋನಿನದ್ದಲ್ಲ, ಕಾರ್ಡಿನದ್ದು. ಫೋನ್ ಆಫ್ ಮಾಡಿ ಆನ್ ಮಾಡಿದಾಗ, ಅಥವಾ ಸಿಮ್ಮನ್ನು ಬೇರೆ ಫೋನಿಗೆ ಹಾಕಿದಾಗ ಮಾತ್ರ ಅದು ಕೇಳುತ್ತದೆ. ಆರು ತಿಂಗಳು ಆಫ್ ಮಾಡದೇ ಇದ್ದರೆ ಆರು ತಿಂಗಳೂ ಕೇಳುವುದಿಲ್ಲ, ಅಷ್ಟರಲ್ಲಿ ಮರೆತಿರುತ್ತದೆ. ಮೂರು ತಪ್ಪಾದರೆ ಎಂಟು ಅಂಕಿಯ ಪಿಯುಕೆ ಬೇಕು. ಅದನ್ನು ಊಹಿಸುವುದು ಯಾರಿಂದಲೂ ಸಾಧ್ಯವಿಲ್ಲ. ಪರದೆಯ ಮೇಲೆ 'ಪಿಯುಕೆ' ಅಂತ ಕಂಡ ಕೂಡಲೇ ಕೈ ನಿಲ್ಲಬೇಕು. ಸಿಮ್ ಬಂದ ದೊಡ್ಡ ಪ್ಲಾಸ್ಟಿಕ್ ಕಾರ್ಡಿನ ಮೇಲೆ ಅನೇಕ ಸಲ ಅದು ಮುದ್ರಿತವಾಗಿರುತ್ತದೆ. ಇಲ್ಲವಾದರೆ ಕಂಪೆನಿಯ ಗ್ರಾಹಕ ಸೇವೆ ಕೊಡುತ್ತದೆ. ಊರಿನಲ್ಲಿರುವವರು ಅದೇ ಕಂಪೆನಿಯ ಇನ್ನೊಂದು ನಂಬರಿನಿಂದ ಕರೆ ಮಾಡಿ, ಸಿಮ್ ಯಾರ ಹೆಸರಿನಲ್ಲಿದೆಯೋ ಅವರ ವಿವರ ಹೇಳಿ ಕೇಳಬಹುದು. ಕಂಪೆನಿಯ ಆ್ಯಪ್‌ನಲ್ಲೂ ನೋಡಬಹುದು ಅಂತಾರೆ. ಆದರೆ ಆ ಆ್ಯಪ್ ತೆರೆಯಲು ಒಟಿಪಿ ಬರುವುದು ಲಾಕ್ ಆದ ನಂಬರಿಗೇ! ಬೀಗದ ಕೈಯನ್ನು ಮನೆಯೊಳಗೆ ಇಟ್ಟು ಬಾಗಿಲು ಹಾಕಿದ ಹಾಗೆ.

ಹತ್ತು ಸಲ ತಪ್ಪಾಗಿ ಕಾರ್ಡು ಸತ್ತರೂ ನಂಬರು ಸತ್ತಿರುವುದಿಲ್ಲ, ಇದನ್ನು ಗಮನಿಸಿ. ಅದೇ ನಂಬರಿಗೆ ಹೊಸ ಕಾರ್ಡು ಸಿಗುತ್ತದೆ. ಕಷ್ಟ ಇರುವುದು ಇಲ್ಲಿಯೇ. ಹೊಸ ಕಾರ್ಡಿಗೆ ಮಾಲೀಕ ತಾನೇ ಅಂಗಡಿಯಲ್ಲಿ ನಿಂತು ಗುರುತು ತೋರಿಸಿ ಫೋಟೋ ತೆಗೆಸಬೇಕು. ಆ ತಾಯಿ ಗಂಡನ ಆಧಾರ್ ಪ್ರತಿ ಹಿಡಿದು ಹೋಗಿದ್ದರು. "ಅವರೇ ಬರಬೇಕು" ಎಂದು ವಾಪಸ್ ಕಳಿಸಿದರಂತೆ. ಅಂಗಡಿಯವನದ್ದು ತಪ್ಪು ಅಂತ ನಾವು ಹೇಳುವುದಿಲ್ಲ. ಯಾರೋ ಬಂದು ನಿಮ್ಮ ನಂಬರಿನ ಡೂಪ್ಲಿಕೇಟ್ ಸಿಮ್ ಪಡೆದರೆ ಖಾತೆ ಖಾಲಿಯಾಗುವ ಕಾಲ ಇದು. ಸಿಮ್ ಬದಲಾಯಿಸಿದ ಮೇಲೆ 24 ಗಂಟೆ ಎಸ್‌ಎಂಎಸ್ ತಡೆಹಿಡಿಯುವ ನಿಯಮವನ್ನೂ ಅದಕ್ಕೇ ತಂದದ್ದು. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಬೇರೊಬ್ಬರಂತೆ ನಟಿಸಿ ಸಿಮ್ ಪಡೆದರೆ 3 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಇದೆ. ನಿಯಮ ಸರಿ. ಆದರೆ ನಿಯಮ ಬರೆದವರ ಕಣ್ಣಮುಂದೆ ಇದ್ದದ್ದು ಊರಿನಲ್ಲೇ ಇರುವ ಗ್ರಾಹಕ. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುವ ಚಾಲಕನನ್ನು ಯಾರೂ ನೆನೆಸಿಕೊಂಡಂತಿಲ್ಲ.

ಇನ್ನು, ನಂಬರೇ ಸಾಯುವ ಸಂಗತಿ. ಟ್ರಾಯ್ 2013ರಲ್ಲಿ ಮಾಡಿದ ನಿಯಮದಂತೆ ಪ್ರೀಪೇಯ್ಡ್ ನಂಬರನ್ನು 90 ದಿನ ಏನೂ ಬಳಸದೇ ಇದ್ದರೆ ರದ್ದು ಮಾಡಬಹುದು. ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಕಡಿದುಕೊಂಡು 30 ದಿನ ಮುಂದುವರಿಸಬೇಕು. ರದ್ದಾದ ಮೇಲೂ 15 ದಿನದ ಕೃಪಾವಧಿ ಇದೆ. ಆದರೆ ಇದನ್ನು ನಂಬಿ ಕೂತರೆ ಮೋಸ ಹೋಗುತ್ತೀರಿ. ಪ್ಯಾಕ್ ಮುಗಿದರೆ ನಂಬರ್ ಉಳಿದರೂ ಮೊದಲು ಹೊರಗೆ ಹೋಗುವ ಕರೆ, ಕೆಲವು ದಿನ ಬಿಟ್ಟು ಒಳಗೆ ಬರುವ ಎಸ್‌ಎಂಎಸ್ ಕೂಡ ನಿಲ್ಲುತ್ತದೆ. ನಮಗೆ ಬೇಕಾದದ್ದೇ ಆ ಎಸ್‌ಎಂಎಸ್. 2024ರ ಜುಲೈಯಲ್ಲಿ ದರ ಏರಿದ ಮೇಲೆ ಎಷ್ಟೋ ಮಂದಿ ಇಂಡಿಯಾ ನಂಬರಿಗೆ ರೀಚಾರ್ಜ್ ಮಾಡುವುದನ್ನೇ ಬಿಟ್ಟರು. ಅದೇ ವರ್ಷ ಡಿಸೆಂಬರ್‌ನಲ್ಲಿ ಟ್ರಾಯ್ ಆದೇಶ ಮಾಡಿದ್ದರಿಂದ ಈಗ ಡೇಟಾ ಇಲ್ಲದ, ಬರೀ ಕರೆ ಮತ್ತು ಎಸ್‌ಎಂಎಸ್ ಇರುವ ಪ್ಯಾಕ್‌ಗಳಿವೆ, ವರ್ಷದ ಅವಧಿಯದ್ದೂ ಇದೆ. ಗಲ್ಫಿನಲ್ಲಿರುವವರಿಗೆ ಅದು ಸಾಕು. ರೀಚಾರ್ಜನ್ನು ಊರಿನಿಂದ ಯಾರು ಬೇಕಾದರೂ ಮಾಡಬಹುದು. ರದ್ದಾದ ನಂಬರನ್ನು 90 ದಿನದ ನಂತರ ಬೇರೆಯವರಿಗೆ ಕೊಡಬಹುದು. ಆಮೇಲೆ ನಿಮ್ಮ ಬ್ಯಾಂಕಿನ ಒಟಿಪಿ ಯಾರದೋ ಜೇಬಿಗೆ ಹೋಗುತ್ತದೆ.

ಈಗ ಹೊಸದೊಂದು ತಾಪತ್ರಯ ಬಂದಿದೆ. 2025ರ ನವೆಂಬರ್ 28ರಂದು ಕೇಂದ್ರ ದೂರಸಂಪರ್ಕ ಇಲಾಖೆ ವಾಟ್ಸಾಪ್, ಟೆಲಿಗ್ರಾಂನಂತಹ ಆ್ಯಪ್‌ಗಳಿಗೆ ಸೂಚನೆ ಕೊಟ್ಟಿತು. ಯಾವ ನಂಬರಿನಲ್ಲಿ ಖಾತೆ ಇದೆಯೋ ಆ ಸಿಮ್ ಅದೇ ಫೋನಿನಲ್ಲಿ ಚಾಲ್ತಿಯಲ್ಲಿರಬೇಕು, 90 ದಿನದಲ್ಲಿ ಜಾರಿ ಮಾಡಿ ಅಂತ. ಇದನ್ನು ಓದಿ 'ಗಲ್ಫಿನವರ ವಾಟ್ಸಾಪ್ ಬಂದ್' ಎಂಬ ಸುದ್ದಿ ಗ್ರೂಪುಗಳಲ್ಲಿ ಓಡಾಡುತ್ತಿದೆ. ಅಷ್ಟು ಸರಳ ಅಲ್ಲ. ಸಿಮ್ ಫೋನಿನೊಳಗೆ ಇದ್ದು ರೋಮಿಂಗ್‌ನಲ್ಲಿದ್ದರೆ ತೊಂದರೆ ಇಲ್ಲ ಎಂದು ಸರಕಾರವೇ ಹೇಳಿದೆ. ತೊಂದರೆ ನಮ್ಮ ಮನೆಗಳ ರೂಢಿಗೆ. ಒಟಿಪಿ ಬೇಕು ಅಂತ ಇಂಡಿಯಾ ಸಿಮ್ಮನ್ನು ಹೆಂಡತಿಯ ಫೋನಿಗೆ ಹಾಕಿಟ್ಟು, ಅದೇ ನಂಬರಿನ ವಾಟ್ಸಾಪನ್ನು ರಿಯಾದಿನಲ್ಲೋ ದುಬೈಯಲ್ಲೋ ಬಳಸುವವರು ಬೇಕಾದಷ್ಟಿದ್ದಾರೆ. ಆದೇಶ ಹೇಳಿದಂತೆಯೇ ಜಾರಿಯಾದರೆ ಎರಡರಲ್ಲಿ ಒಂದನ್ನು ಬಿಡಬೇಕು. ನಮ್ಮ ಅಭಿಪ್ರಾಯ ಕೇಳಿದರೆ, ವಾಟ್ಸಾಪನ್ನು ಅಲ್ಲಿಯ ನಂಬರಿಗೆ ಬದಲಾಯಿಸಿಕೊಳ್ಳಿ, ಅದಕ್ಕೆ ಆ್ಯಪ್‌ನಲ್ಲೇ ದಾರಿ ಇದೆ.

ಅದರ ಮೇಲೆ ಇನ್ನೊಂದು. 2025ರ ಸೆಪ್ಟೆಂಬರ್‌ನಲ್ಲಿ ಬಂದ ಐಫೋನ್ 17, ಸೌದಿ, ಯುಎಇ, ಕತಾರ್, ಒಮಾನ್, ಕುವೈತ್, ಬಹ್ರೈನ್‌ಗಳಲ್ಲಿ ಮಾರುವುದು ಇ-ಸಿಮ್ ಮಾತ್ರ. ಕಾರ್ಡು ಹಾಕುವ ಜಾಗವೇ ಇಲ್ಲ. ಐಫೋನ್ ಜೋಡಿಸುವ ಟಾಟಾದವರ ಕಾರ್ಖಾನೆ ನಮ್ಮ ಕೋಲಾರದ ನರಸಾಪುರದಲ್ಲೇ ಇದೆ, ನಮ್ಮ ಹುಡುಗ ದುಬೈಯಲ್ಲಿ ಅದನ್ನು ಕೊಂಡರೆ ಊರಿನ ಸಿಮ್ ಹಾಕಲಾಗದು! ಹೊಸ ಫೋನ್ ಕೊಳ್ಳುವ ಆಸೆ ಇದ್ದರೆ ರಜೆಯಲ್ಲಿ ಬಂದಾಗ, ಹಳೆಯ ಸಿಮ್ ಜೀವಂತ ಇರುವಾಗಲೇ ಅದನ್ನು ಇ-ಸಿಮ್ ಮಾಡಿಸಿಕೊಳ್ಳುವುದು ಜಾಣತನ.

ಬ್ಯಾಂಕಿನ ಮಟ್ಟಿಗೆ ಒಂದು ದಾರಿ ತೆರೆದಿದೆ, ನಮ್ಮವರು ಹೆಚ್ಚಾಗಿ ಬಳಸಿಲ್ಲ. ಕೆಲಸಕ್ಕೆ ವಿದೇಶಕ್ಕೆ ಹೋದವರು ಕಾನೂನಿನ ಪ್ರಕಾರ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಮಾಡಿಸಬೇಕು, ಬೇಕಾದರೆ ಎನ್‌ಆರ್‌ಇ ತೆರೆಯಬಹುದು. ಆ ಖಾತೆಗೆ ಅಲ್ಲಿಯ ನಂಬರನ್ನೇ ಕೊಡಬಹುದು. 2023ರ ಜನವರಿಯಲ್ಲಿ ಎನ್‌ಪಿಸಿಐ 10 ದೇಶಗಳ ನಂಬರಿನಲ್ಲಿ ಯುಪಿಐಗೂ ಅನುಮತಿ ಕೊಟ್ಟಿತು. ಅದರಲ್ಲಿ ಸೌದಿ, ಯುಎಇ, ಕತಾರ್, ಒಮಾನ್ ಇವೆ. ಆ ಪಟ್ಟಿಯಲ್ಲಿ ಕುವೈತ್, ಬಹ್ರೈನ್ ಇರಲಿಲ್ಲ. ಒಟಿಪಿ ಒಂದನ್ನೇ ನೆಚ್ಚಿಕೊಳ್ಳದೆ ಬೇರೆ ದೃಢೀಕರಣಕ್ಕೂ ಅವಕಾಶ ಕೊಡುವ ರಿಸರ್ವ್ ಬ್ಯಾಂಕಿನ ನಿಯಮ 2026ರ ಏಪ್ರಿಲ್ 1ರಿಂದ ಅನ್ವಯ. ಆದರೆ ಆಧಾರ್‌ಗೆ ಮಾತ್ರ ಭಾರತದ ನಂಬರೇ ಆಗಬೇಕು. ಪಾನ್ ಇರಲಿ, ಆಸ್ತಿ ದಾಖಲೆ ಇರಲಿ, ಆಧಾರ್ ಒಟಿಪಿ ಕೇಳುವ ಕಡೆಯೆಲ್ಲ ಆ ಒಂದು ಸಿಮ್ಮೇ ಗತಿ.

ಹಾಗಾದರೆ ಕೇಳಬೇಕಾದದ್ದು ಯಾರನ್ನು? ಪಾಸ್‌ಪೋರ್ಟ್ ಕಳೆದುಕೊಂಡವನಿಗೆ ರಿಯಾದಿನ ರಾಯಭಾರ ಕಚೇರಿ, ಜಿದ್ದಾದ ಕಾನ್ಸುಲೇಟ್ ಇವೆ. ಅಲ್ಲಿಯೇ ಮುಖ ನೋಡಿ, ಪಾಸ್‌ಪೋರ್ಟ್ ನೋಡಿ, ಸತ್ತ ಸಿಮ್ಮಿಗೆ ಬದಲಿ ಇ-ಸಿಮ್ ಕೊಡಿಸಲು ಅಡ್ಡಿ ಏನು? ಬ್ಯಾಂಕುಗಳು ವಿಡಿಯೋ ಕೆವೈಸಿ ಮಾಡುತ್ತಿವೆ, ಟೆಲಿಕಾಂ ಕಂಪೆನಿಗಳಿಗೂ ಅದು ಆಗಬೇಕು. ಕೇರಳದಲ್ಲಿ ಅನಿವಾಸಿಗಳಿಗಾಗಿ ನೋರ್ಕಾ ಇಲಾಖೆ 1996ರಿಂದ ಇದೆ, ಹೊರಡುವ ಮುಂಚೆ ತರಬೇತಿಯನ್ನೂ ಕೊಡುತ್ತಾರೆ. ನಮ್ಮ ರಾಜ್ಯದ ಅನಿವಾಸಿ ಭಾರತೀಯ ಸಮಿತಿ ಈ ವಿಷಯವನ್ನು ದೆಹಲಿಗೆ ಮುಟ್ಟಿಸಬೇಕು. ನಮ್ಮ ಜಮಾಅತ್‌ಗಳು, ಗಲ್ಫಿನಲ್ಲಿರುವ ನಮ್ಮ ಸಂಘಟನೆಗಳು ಒಂದು ಮನವಿ ಬರೆದರೂ ಆದೀತು.

ಅಷ್ಟರವರೆಗೆ ಹೊರಡುವ ಹುಡುಗರು ಪಿನ್ ಮತ್ತು ಪಿಯುಕೆಯನ್ನು ಕಾಗದದಲ್ಲಿ ಬರೆದು ಮನೆಯಲ್ಲಿ ನಂಬಿಕಸ್ತರ ಕೈಗೆ ಅಮಾನತ್ ಆಗಿ ಕೊಡಲಿ, ಫೋನಿನಲ್ಲಿ ಅಲ್ಲ. ಪಿನ್ ತೆಗೆದೇ ಬಿಡೋಣ ಅಂತ ಕೆಲವರು ಹೇಳ್ತಾರೆ. ನಾವು ಒಪ್ಪುವುದಿಲ್ಲ. ಫೋನ್ ಕದ್ದವನು ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ತಡೆಯುವುದು ಅದೊಂದೇ. ಗ್ರಾಹಕ ಸೇವೆ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ವಂಚಕರು ಅಲ್ಲೇ ಕಾಯುತ್ತಿರುತ್ತಾರೆ. 'ಟ್ರಾಯ್‌ನಿಂದ ಮಾತಾಡ್ತಿದ್ದೇವೆ, ಎರಡು ಗಂಟೆಯಲ್ಲಿ ನಿಮ್ಮ ಸಿಮ್ ಬಂದ್' ಎಂದು ಕರೆ ಬಂದರೆ ಕಟ್ ಮಾಡಿ, ಟ್ರಾಯ್ ಹಾಗೆ ಯಾರಿಗೂ ಕರೆ ಮಾಡುವುದಿಲ್ಲ.

ಆ ಶ್ರೀನಿವಾಸಪುರದ ಮನೆಯವರು ಮಾಲೂರಿನ ಅಣ್ಣನ ಹತ್ತಿರ ಸಾಲ ಮಾಡಿ ಫೀಸು ಕಟ್ಟಿದ್ದಾರೆ. ಗಂಡ ರಜೆಯಲ್ಲಿ ಬರುವುದು ರಂಝಾನ್ ಕಳೆದ ಮೇಲೆ. ಅಲ್ಲಿಯವರೆಗೆ ನಂಬರ್ ಸಾಯಬಾರದು ಅಂತ, ಕಾರ್ಡೇ ಇಲ್ಲದ ನಂಬರಿಗೆ ತಿಂಗಳು ತಿಂಗಳು ರೀಚಾರ್ಜ್ ಮಾಡಿಸುತ್ತಿದ್ದಾರೆ.