ಕೈಕಾಲಿಗೆ ಬಾರದ ಇಂಗ್ಲಿಷು

ನಮ್ಮ ತೆಲಿಗಿಯ ಸುತ್ತಿನ ಹಳ್ಳಿಗಳಲ್ಲಿ ಪ್ರಾಥಮಿಕ ಶಾಲೆಯ ಮಗ್ಗುಲಲ್ಲಿ ಹಾದುಹೋಗುವವರಿಗೆ ‘ಗೋ, ವೆಂಟ್, ಗಾನ್; ಕಮ್, ಕೇಮ್, ಕಮ್’ ಎಂಬ ಘೋಷ ಕೇಳಿಬರುವುದುಂಟು. ಮಗ್ಗಿಯ ರಾಗ, ಮಗ್ಗಿಯದೇ ವೇಗ. ಆ ಮಕ್ಕಳಲ್ಲೊಬ್ಬನನ್ನು ಎದುರಿಗೆ ನಿಲ್ಲಿಸಿ ‘ಗೋ’ ಎಂದರೆ ಅವನು ಹೋಗುವುದಿಲ್ಲ. ‘ಗೋ ಅಂದ್ರ ಹೋಗು ಸಾರ್’ ಎಂದು ಅರ್ಥ ಹೇಳಿ, ನಿಂತಲ್ಲಿಯೇ ನಿಲ್ಲುತ್ತಾನೆ!

ಹಿಂದೆ ಐದನೆಯ ತರಗತಿಯಿಂದ ಆರಂಭವಾಗುತ್ತಿದ್ದ ಇಂಗ್ಲಿಷು 2007-08ರಿಂದ ಸರಕಾರಿ ಕನ್ನಡ ಶಾಲೆಗಳ ಒಂದನೆಯ ತರಗತಿಗೇ ಇಳಿದು ಬಂದಿದೆ. ಕಲಿಯುವ ವರ್ಷಗಳು ಹೆಚ್ಚಿದುವು. ಕಲಿಸುವ ಕ್ರಮ ಮಾತ್ರ ಅನೇಕ ಕಡೆ ಇದ್ದಲ್ಲಿಯೇ ಇದೆ. ನನ್ನೊಡನೆ ಓದಿದ ಓಣಿಯ ಗೆಳೆಯರಲ್ಲಿ ಮೂವರು ಎಸ್.ಎಸ್.ಎಲ್.ಸಿ.ಯಲ್ಲಿ ಇಂಗ್ಲಿಷೊಂದರಲ್ಲೇ ನಪಾಸಾಗಿ ಪುಸ್ತಕ ಕಟ್ಟಿಟ್ಟರು. ಅವರನ್ನು ದಡ್ಡರೆಂದು ಯಾರೂ ಹೇಳಲಾರರು. ಅವರಲ್ಲೊಬ್ಬನು ಮೀಸೆ ಮೂಡುವ ಮೊದಲೇ ಎತ್ತು ಹೂಡಿ, ಸಾಲು ಸೊಟ್ಟಾಗದಂತೆ ಮೆಕ್ಕೆಜೋಳಕ್ಕೆ ಕುಂಟೆ ಹೊಡೆಯುತ್ತಿದ್ದ. ಇಷ್ಟೊಂದು ಕ್ರಿಯೆಗಳನ್ನು ಬಲ್ಲವನಿಗೆ ಇಪ್ಪತ್ತು ಕ್ರಿಯಾಪದಗಳು ಹತ್ತಲಿಲ್ಲವೆಂದರೆ ಕೊರತೆ ಎಲ್ಲಿಯದು?

ನನ್ನ ಅವ್ವನಿಗೆ ಅಕ್ಷರ ಬಾರದು. ಆದರೂ ಕನ್ನಡದ ಕ್ರಿಯಾಪದಗಳನ್ನೆಲ್ಲ ನನಗೆ ಕಲಿಸಿದವಳು ಅವಳೇ. ‘ಬಾ’, ‘ಕುಂದ್ರು’, ‘ಏಳು’, ‘ಉಣ್ಣು’, ‘ತಂಬಿಗಿ ತಾ’ ಎನ್ನುವಳು, ನಾನು ಮಾಡುವೆನು, ಮಾಡುತ್ತ ಮಾಡುತ್ತ ಮಾತು ಬಂದಿತು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಏಕವಚನದಲ್ಲಿ ಆಜ್ಞೆ ಮಾಡುವಾಗ ಕನ್ನಡದಲ್ಲಿ ಧಾತು ಹೆಚ್ಚುಕಡಿಮೆ ಹಾಗೆಯೇ ನಿಲ್ಲುತ್ತದೆ, ಇಂಗ್ಲಿಷಿನಲ್ಲಿಯೂ ಹಾಗೆಯೇ. ಕಾಲವಿಲ್ಲ, ಪ್ರತ್ಯಯದ ಕಾಟವಿಲ್ಲ. ‘ಬಾ’ ಎಂಬಲ್ಲಿ ‘ಕಮ್’. ಎರಡು ಭಾಷೆಗಳೂ ಇಷ್ಟು ಹತ್ತಿರ ಬರುವ ಈ ಬಾಗಿಲನ್ನು ಬಿಟ್ಟು, ಮೂರು ರೂಪಗಳ ಪಟ್ಟಿಯೆಂಬ ಗೋಡೆಯನ್ನೇ ಮಕ್ಕಳಿಗೆ ಮೊದಲು ತೋರಿಸುತ್ತೇವೆ.

ಇದು ನನ್ನ ಹೊಸ ಶೋಧವೇನೂ ಅಲ್ಲ. ಹೆರಾಲ್ಡ್ ಪಾಮರ್ ಎಂಬ ಆಂಗ್ಲ ವಿದ್ವಾಂಸರು ಜಪಾನಿನಲ್ಲಿದ್ದಾಗ, 1925ರಲ್ಲಿ, ಕ್ರಿಯೆಗಳ ಮೂಲಕ ಇಂಗ್ಲಿಷು ಕಲಿಸುವುದಕ್ಕೆಂದೇ ಒಂದು ಗ್ರಂಥವನ್ನು ಪ್ರಕಟಿಸಿದರು. 1960ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್ ಜಪಾನೀ, ರಷ್ಯನ್ ಭಾಷೆಗಳನ್ನು ಕಲಿಯುವವರ ಮೇಲೆ ಪ್ರಯೋಗ ನಡೆಸಿ, ಆಜ್ಞೆ ಕೇಳಿ ಮೈಯಿಂದ ಮಾಡಿದ್ದು ನೆನಪಿನಲ್ಲಿ ಉಳಿಯುತ್ತದೆಂದು ವಾದಿಸಿದರು. ಚಟುವಟಿಕೆಯಿಂದ ಕಲಿಸುವ ನಮ್ಮ ‘ನಲಿ-ಕಲಿ’ಯೂ 1995ರಲ್ಲಿ ಹೆಗ್ಗಡದೇವನಕೋಟೆಯ ಸರಕಾರಿ ಶಾಲೆಗಳಲ್ಲಿಯೇ ಹುಟ್ಟಿತು.

ಆದರೆ ಯಾವ ಕ್ರಿಯೆಗಳು? ಪೇಟೆಯ ಅಂಗಡಿಯಲ್ಲಿ ದೊರೆಯುವ ಬಣ್ಣದ ಪಟಗಳಲ್ಲಿ ಗಾಲಿಯ ಬೂಟು ತೊಟ್ಟು ಜಾರುವ ಹುಡುಗನಿರುತ್ತಾನೆ. ಕಳೆ ತೆಗೆಯುವ, ರಾಶಿ ತೂರುವ, ಹಿಟ್ಟು ಸಾಣಿಸುವ ಒಬ್ಬರೂ ಅಲ್ಲಿಲ್ಲ. ನಮ್ಮ ಮಗುವಿನ ಕೈ ಬಲ್ಲ ಕೆಲಸಕ್ಕೆ ಹೆಸರಿಲ್ಲ. ಹೆಸರಿರುವ ಕೆಲಸವನ್ನು ಅದು ಕಂಡಿಲ್ಲ.

ಇನ್ನು ಅರ್ಥದ ಪಟ್ಟಿಯ ಅನಾಹುತ. ‘ಹೊಡೆ ಎಂದರೆ ಬೀಟ್’ ಎಂದು ಬರೆಸಿದರೆ ಹುಡುಗನು ಗಾಡಿ ಹೊಡೆಯುವುದಕ್ಕೂ ‘ಬೀಟ್’ ಎನ್ನುತ್ತಾನೆ, ಗಂಟೆ ಹೊಡೆಯುವುದಕ್ಕೂ ‘ಬೀಟ್’ ಎನ್ನುತ್ತಾನೆ. ಇಂಗ್ಲಿಷಿನಲ್ಲಿ ಒಂದು ‘ಡ್ರೈವ್’, ಇನ್ನೊಂದು ‘ರಿಂಗ್’. ಬಾಗಿಲು ತೆಗೆ ಎಂಬುದು ‘ಓಪನ್’, ಕಳೆ ತೆಗೆ ಎಂಬುದು ‘ವೀಡ್’, ಚಪ್ಪಲಿ ತೆಗೆ ಎಂಬುದು ‘ಟೇಕ್ ಆಫ್’. ಬಡತನ ಯಾವಾಗಲೂ ಕನ್ನಡದ ಪಾಲಿಗೇ ಬಂತೆಂದು ತಿಳಿಯಬೇಡಿ! ನಾವು ಸೀರೆ ಉಡುತ್ತೇವೆ, ಅಂಗಿ ತೊಡುತ್ತೇವೆ, ಹೂ ಮುಡಿಯುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ. ಇಂಗ್ಲಿಷಿನವನು ನಾಲ್ಕನ್ನೂ ‘ವೇರ್’ ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಾನೆ. ಒಗೆಯುವುದೂ ತೊಳೆಯುವುದೂ ಅವನಿಗೆ ಒಂದೇ ‘ವಾಶ್’. ಬಟ್ಟೆಯನ್ನೋ ತಂಬಿಗೆಯನ್ನೋ ಕೈಗೆ ಕೊಟ್ಟು ಮಾಡಿಸಿದರೆ ಈ ತೊಡಕು ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಪದಗಳ ಅನುಕ್ರಮವೂ ಹೀಗೆಯೇ ಹಿಡಿತಕ್ಕೆ ಬರುತ್ತದೆ. ಕನ್ನಡದಲ್ಲಿ ಬಾಗಿಲು ಮೊದಲು, ತೆಗೆಯುವುದು ಆಮೇಲೆ. ಇಂಗ್ಲಿಷಿನಲ್ಲಿ ಕ್ರಿಯೆಯೇ ಮುಂದೆ ಬಂದು ನಿಲ್ಲುತ್ತದೆ. ‘ಓಪನ್’ ಎಂದಾಗಲೇ ಕೈ ಸಿದ್ಧವಾಗಬೇಕು, ತೆಗೆಯಬೇಕಾದುದು ಬಾಗಿಲೋ ಪುಸ್ತಕವೋ ಮುಂದೆ ತಿಳಿಯುತ್ತದೆ.

ಒಂದು ಎಚ್ಚರಿಕೆ ಅಗತ್ಯ. ಅಧ್ಯಾಪಕರು ಆಜ್ಞಾಪಿಸುವುದು, ಮಕ್ಕಳು ಕುಣಿಯುವುದು ಇಷ್ಟೇ ಆದರೆ ಅದು ಕವಾಯತು. ಎರಡನೆಯ ವಾರದಿಂದ ಮಗುವೇ ಆಜ್ಞೆ ಮಾಡಬೇಕು, ಗುರುಗಳು ಕೇಳಬೇಕು. ನಮ್ಮ ಹುಡುಗಿಯರು ಗುರುಗಳಿಗೆ ‘ಸಿಟ್’ ಎನ್ನಲು ನಾಚುತ್ತಾರೆ, ಏಕೆಂದರೆ ಅವರ ಕಿವಿಗೆ ಅದು ‘ಕುಂದ್ರು’ ಎಂದು ಕೇಳಿಸುತ್ತದೆ, ‘ಕುಂದ್ರಿ’ ಎಂದಲ್ಲ. ‘ಪ್ಲೀಸ್’ ಎಂಬ ಮಾತನ್ನು ಅಂದೇ ಕಲಿಸಿದರಾಯಿತು.

ಮೂರು ರೂಪಗಳ ಪಟ್ಟಿಯೇ ಬೇಡವೆಂದು ನನ್ನ ವಾದವಲ್ಲ. ಪರೀಕ್ಷೆಗೆ ಅದು ಬೇಕು. ನಡೆಯುತ್ತಿರುವಾಗ ‘ಐ ಆಮ್ ವಾಕಿಂಗ್’, ನಿಂತ ಮೇಲೆ ‘ಐ ವಾಕ್ಡ್’ ಎಂದು ಹೇಳಿಸಿದರೆ ಕಾಲವೆಂಬುದು ಕಾಲಿಗೇ ತಿಳಿಯುತ್ತದೆ. ಪಟ್ಟಿ ಆಮೇಲೆ ಬರಲಿ. ಅರವತ್ತು ಮಕ್ಕಳಿರುವ ಕೊಠಡಿಯಲ್ಲಿ ಇದು ಗದ್ದಲವಾಗದೆ ಎಂದು ಕೆಲವರು ಕೇಳಬಹುದು. ಆಗುತ್ತದೆ. ಮಗ್ಗಿಯ ರಾಗವೂ ಗದ್ದಲವೇ. ಅಂಗಳದಲ್ಲಿ ಬೇವಿನ ಗಿಡವಿದ್ದರೆ ಅಲ್ಲಿಗೆ ಹೋಗಲಿ.

ನಮ್ಮ ಕಾಲೇಜಿನ ಅಂತಿಮ ಬಿ.ಎ.ಯಲ್ಲಿ ಓದುವ ಅನೇಕರು ಮುಂದೆ ಬಿ.ಎಡ್. ಮಾಡುವವರು. ಎನ್.ಎಸ್.ಎಸ್. ಶಿಬಿರದಲ್ಲಿ ಹಳ್ಳಿಯ ದಾರಿ ಗುಡಿಸುವುದರ ಜೊತೆಗೆ, ಸಂಜೆ ಒಂದು ತಾಸು ಅಲ್ಲಿನ ಮಕ್ಕಳೊಡನೆ ದಿನಕ್ಕೆ ಆರು ಕ್ರಿಯಾಪದಗಳಂತೆ ಆಡಿಸಿ ನೋಡಬಾರದೇಕೆ? ಒಂದು ಮೊರ, ಒಂದು ತಂಬಿಗೆ, ಒಂದು ಮಾರು ಹಗ್ಗ ಸಾಕು. ಮೊರ ಮತ್ತು ತಂಬಿಗೆಯನ್ನು ನಾನು ನಮ್ಮ ಮನೆಯಿಂದ ತರುತ್ತೇನೆ.