ಟ್ಯಾಂಕು ಧಣಿಯದು, ಬೆಂಕಿ ಯಾರಿಗೆ?

ಲಾರಿ, ಪಿಕಪ್, ಟೂರಿಸ್ಟ್ ವ್ಯಾನುಗಳಿಗೆ ಎರಡನೆಯ ಡೀಸೆಲ್ ಟ್ಯಾಂಕು ಬೆಸೆಯುವುದು ಬರೀ ಗ್ಯಾರೇಜಿನ ಮಾತೆಂದು ಕೆಲವರು ವಾದಿಸುತ್ತಾರೆ. ಅಲ್ಲ, ಇದು ದುಡಿಯುವವನ ಪ್ರಾಣದ ಮಾತು. ಲಾಭ ಒಬ್ಬನಿಗೆ, ಅಪಾಯ ಇನ್ನೊಬ್ಬನಿಗೆ ಎಂಬ ಹಳೆಯ ಲೆಕ್ಕವೇ ಇಲ್ಲಿಯೂ ಇದೆ.

“ಮಲೆನಾಡಿನಲ್ಲಿ ಬಂಕು ದೂರ” ಎನ್ನುತ್ತಾರೆ ಧಣಿಗಳು. ಲೆಕ್ಕ ಹಾಕೋಣ. 45 ಲೀಟರಿನ ಟ್ಯಾಂಕಿರುವ ಪಿಕಪ್ಪು ಲೀಟರಿಗೆ 12 ಕಿಲೋಮೀಟರು ಓಡಿದರೆ ಒಟ್ಟು 540 ಕಿಲೋಮೀಟರು. ಶೃಂಗೇರಿಯಲ್ಲಿ ತುಂಬಿಸಿ, ಕೊಪ್ಪ, ನರಸಿಂಹರಾಜಪುರ ದಾಟಿ ಬೆಂಗಳೂರು ಮುಟ್ಟಿದರೂ ಎಣ್ಣೆ ಮಿಗುತ್ತದೆ. ಮತ್ತೆ ಎರಡನೆಯ ಟ್ಯಾಂಕು ಏಕೆ? ಅಗ್ಗ ಕಂಡಲ್ಲಿ ತುಂಬಿಕೊಳ್ಳಲು, ಗಾಡಿ ಎಲ್ಲಿಯೂ ನಿಲ್ಲದಿರಲು. ಗಾಡಿ ನಿಲ್ಲದಿದ್ದರೆ ಡ್ರೈವರನೂ ನಿಲ್ಲುವಂತಿಲ್ಲ. ದಿನಕ್ಕೆ 8 ಗಂಟೆ ದುಡಿಮೆ, 5 ಗಂಟೆ ದುಡಿದ ಮೇಲೆ ಅರ್ಧ ಗಂಟೆ ಬಿಡುವು ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ಬರೆದಿತ್ತು. ದೊಡ್ಡ ಟ್ಯಾಂಕು ಆ ಬಿಡುವನ್ನೇ ನುಂಗುತ್ತದೆ.

ಮೊದಲ ಅಪಾಯ ವೆಲ್ಡರನಿಗೆ. ಬಳಸಿದ ಟ್ಯಾಂಕು ಖಾಲಿಯಾದರೂ ಒಳಗೆ ಎಣ್ಣೆಯ ಆವಿ ಉಳಿದಿರುತ್ತದೆ; ಬೆಸುಗೆಯ ಕಿಡಿ ತಾಗಿದರೆ ಅದು ಬಾಂಬೇ ಸರಿ. ಆಮೇಲೆ ಡ್ರೈವರನ ಸರದಿ. 100 ಲೀಟರು ಡೀಸೆಲ್ ಸುಮಾರು 84 ಕಿಲೋ ತೂಗುತ್ತದೆ. ಒಳಗೆ ತಡೆ ತಗಡುಗಳಿಲ್ಲದ ಟ್ಯಾಂಕಿನಲ್ಲಿ, ಆಗುಂಬೆ ಘಾಟಿಯ ತಿರುವುಗಳಲ್ಲಿ, ಆ ಭಾರ ಅತ್ತಿಂದಿತ್ತ ಅಪ್ಪಳಿಸುತ್ತದೆ. ಪಟ್ಟಿ ಸಡಿಲಾಗಿ, ಪೈಪು ಬಿರಿದು, ಕಾದ ಸೈಲೆನ್ಸರಿನ ಮೇಲೆ ಎಣ್ಣೆ ಸುರಿದರೆ ಗತಿಯೇನು? 2013ರ ಅಕ್ಟೋಬರ್ 30ರ ಬೆಳಗಿನ ಜಾವ, ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುತ್ತಿದ್ದ ಬಸ್ಸು ಪಾಲೆಂ ಬಳಿ ಮೋರಿಗೆ ಬಡಿದು ಹೊತ್ತಿಕೊಂಡು 45 ಜನ ಸತ್ತರು. ಎರಡು ವಾರದಲ್ಲೇ ಹಾವೇರಿಯ ಬಳಿ ಇನ್ನೊಂದು ಬಸ್ಸಿನಲ್ಲಿ 7 ಜನ. ಹೆಸರಾಂತ ಕಾರ್ಖಾನೆಯ ಬಸ್ಸುಗಳಿಗೇ ಈ ಗತಿಯಾದರೆ, ಷೆಡ್ಡಿನಲ್ಲಿ ಬೆಸೆದ ತಗಡನ್ನು ನಂಬುವುದು ಹೇಗೆ?

ಕಾಯಿದೆಯೇನೂ ಮೂಗಿಯಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ಕಾರ್ಖಾನೆ ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೆ 6 ತಿಂಗಳವರೆಗೆ ಸಜೆ, ಇಲ್ಲವೆ ಎರಡೂ. ಶಿಕ್ಷೆ ಯಾರಿಗೆ? ಮಾಲೀಕನಿಗೆ! ಆದರೆ ರಸ್ತೆಯಲ್ಲಿ ತಡೆದಾಗ ಕೈಕಟ್ಟಿ ನಿಲ್ಲುವವನು ಡ್ರೈವರ್.

ಕೊಪ್ಪದ ಕಾರ್ಮಿಕರು 1991ರಲ್ಲಿ ಸಹಕಾರ ಸಾರಿಗೆ ಕಟ್ಟಿ ಬಸ್ಸಿಗೆ ತಾವೇ ಒಡೆಯರಾದರು. 2020ರಲ್ಲಿ ಅದು ನಿಂತಿತು. ಅದರ ಪಾಠ ನಿಲ್ಲಬಾರದು. ಓಡಿಸುವವನೇ ಒಡೆಯನಾದರೆ ಎಣ್ಣೆಯ ಲೆಕ್ಕವೂ ಪ್ರಾಣದ ಲೆಕ್ಕವೂ ಒಂದೇ ಪುಸ್ತಕದಲ್ಲಿರುತ್ತವೆ.

ದೊಡ್ಡ ಟ್ಯಾಂಕು ನಿಜವಾಗಿ ಬೇಕಾದವರು ಕಾರ್ಖಾನೆಯೇ ಅದನ್ನು ಕೂರಿಸಿದ ಮಾದರಿಯನ್ನು ಕೊಳ್ಳಲಿ. ಡ್ರೈವರುಗಳೇ, ಕಳ್ಳ ಟ್ಯಾಂಕಿನ ಗಾಡಿಯ ಕೀಲಿ ಮುಟ್ಟಬೇಡಿ. ವೆಲ್ಡರುಗಳೇ, ಬೆಸೆಯಬೇಡಿ. ಅಂಗಡಿಯವರೇ, ಅಂಥ ಗಾಡಿಗೆ ಸರಕು ಹೇರಬೇಡಿ. ಉರಿದರೆ ನಿಮ್ಮ ಮಾಲೂ ಉರಿಯುತ್ತದೆ. ಒಬ್ಬನೇ ಒಲ್ಲೆನೆಂದರೆ ಕೆಲಸ ಹೋಗುತ್ತದೆ, ಎಲ್ಲರೂ ಒಲ್ಲೆವೆಂದರೆ ಟ್ಯಾಂಕು ಇಳಿಯುತ್ತದೆ.